ಇಂಗ್ಲೆಂಡಿನ ಎಲೆಕ್ಷನ್ನು, ಜಾನ್ಸ್ ಕ್ರೀಕಿನ ಮೈಸೂರುಪಾಕ

ನಾನು ಮೊದಲ ಸಲ ಮನೆ ಬಿಟ್ಟದ್ದು ಒಂದು ಸೋಮವಾರ, ಎಂಟನೇ ಕ್ಲಾಸಿನ ಲೆಕ್ಕದ ಪರೀಕ್ಷೆಯ ದಿನ. ಆಮೇಲೆ ಅಡುಗೆ ಕಲಿತು ಊರೂರು ಅಲೆದೆ. ಹೋದ ವರ್ಷ ಅಮೆರಿಕದ ಜಾನ್ಸ್ ಕ್ರೀಕ್ ಊರಿನ ವಿಮಲಾ ಆಂಟಿ ಮನೆಯಲ್ಲಿ ಮೈಸೂರುಪಾಕಕ್ಕೆ ಒಲೆ ಹಚ್ಚಿದ್ದೆ. ಅವರ ತಮ್ಮ ಇಂಗ್ಲೆಂಡಿನ ಒಂದು ಡಿಸ್ಟ್ರಿಕ್ಟ್ ಕೌನ್ಸಿಲ್ ಎಲೆಕ್ಷನ್ನಿಗೆ ನಿಂತಿದ್ದರು. ಅವತ್ತೇ ಎಣಿಕೆ.

"ರಾಜಣ್ಣ, ರಿಸಲ್ಟ್ ಬರೋ ತನಕ ಕಡಲೆಹಿಟ್ಟು ಹಾಕಬೇಡಿ. ಮೊದಲೇ ಸ್ವೀಟ್ ಮಾಡಿದ್ರೆ ಸೋಲ್ತಾನೆ."

"ಒಂದೆಳೆ ಪಾಕ ಬಂದಾಯ್ತು ಆಂಟಿ. ಅದು ಯಾರಿಗೂ ಕಾಯಲ್ಲ."

ಅಷ್ಟರಲ್ಲಿ ಓಟು ಎಣಿಸುವ ಜಾಗದಿಂದ ತಮ್ಮನ ಫೋನು. ಇಬ್ಬರಿಗೂ ಸಮ ಓಟು! ಮತ್ತೆ ಎಣಿಸಿದರೂ ಸಮವೇ. ಇನ್ನು ಚೀಟಿ ಎತ್ತುತ್ತಾರಂತೆ, ಅಲ್ಲಿನ ಕಾನೂನೇ ಹಾಗಂತೆ.

"ಚೀಟೀನಾ? ಅಪ್ಪನ ಸೈಟು ಹಂಚಿದಾಗ ನೀನು ಎತ್ತಿದ್ದು ಮೋರಿ ಪಕ್ಕದ್ದೇ ಕಣೋ! ನೀನು ಮಾತ್ರ ಕೈ ಹಾಕಬೇಡ!"

"ಆಫೀಸರೇ ಎತ್ತೋದು, ಸುಮ್ನಿರು ಅಕ್ಕಾ!"

ಒಲೆ ಆರಿಸುವುದನ್ನೂ ಮರೆತು, ಸೌಟು ಹಿಡಿದೇ ಫೋನಿನ ಹತ್ತಿರ ಓಡಿದೆ.

"ಅಕ್ಕಾ, ನಂದೇ! ನಂದೇ ಬಂತು!"

ಆಂಟಿ ಕುಣಿದರು. ಜನ್ಮದಲ್ಲಿ ಓಟು ಹಾಕದ ನಾನೂ ಕುಣಿದೆ. ಹಿಟ್ಟು ಹಾಕಲು ಓಡಿ ಬಂದರೆ ಪಾಕ ಹದ ಮೀರಿತ್ತು. ಆದರೂ ಹಾಕಿ ತಿರುವಿದೆ. ತುಂಡು ಮಾಡಲು ಆಂಟಿಯ ಯಜಮಾನರು ಗ್ಯಾರೇಜಿನಿಂದ ಸುತ್ತಿಗೆ ತಂದರು.

ಮರುದಿನ ಮುಂದಿನ ಅಡುಗೆಗೆಂದು ಷಾರ್ಲೆಟ್ ಊರಿಗೆ ಹೊರಡಲು ಸೌಟು, ಜಾಲರಿ ಕಟ್ಟುತ್ತಿದ್ದಾಗ ಆಂಟಿ ಬಂದರು. "ಮುಂದಿನ ಎಲೆಕ್ಷನ್ನಿಗೂ ನೀವೇ ಬರಬೇಕು ರಾಜಣ್ಣ. ಆವಾಗಲೂ ಪಾಕ ಹೀಗೇ ಕೆಡಿಸಿ."

ಅಡುಗೆಯವನಿಗೆ ಇಂಥ ಕರೆ ಬಂದದ್ದನ್ನು ನಾನಂತೂ ಕೇಳಿಲ್ಲ. ಹೂಂ ಅಂದು ಚೀಲದ ಜಿಪ್ ಎಳೆದೆ.