ಹೆಸರಿಲ್ಲದ ಬಲೆಪೆಟ್ಟಿಗೆ

ತಮಿಳುನಾಡಿಗೆ ಸೇರಿದ ನಮ್ಮ ಗಡಿ ಕಡೆ ಏಡಿಯನ್ನು ನಳ್ಳಿ ಅನ್ನುತ್ತೇವೆ. ನೆಗಡಿ, ಕೆಮ್ಮು ಬಂದರೆ ಮೊದಲು ನೆನಪಾಗುವುದು ನಳ್ಳಿ ಸಾರು, ಆಮೇಲೆ ತಾಳವಾಡಿ ಆಸ್ಪತ್ರೆ. ಅವ್ವ ಅದನ್ನು ಕೈಯಲ್ಲೇ ಹಿಡಿಯುತ್ತಿದ್ದಳು. ಕಲ್ಲಿನ ಸಂದಿಗೆ ಕೈ ಹಾಕುವುದು, ಕಚ್ಚಿಸಿಕೊಳ್ಳುವುದು, ಬಾಯಿಗೆ ಬಂದಂತೆ ಬೈಯುವುದು. ನಾನು ಹಾಗಲ್ಲ. ಸತ್ಯಮಂಗಲದ ಅಂಗಡಿಯೊಂದರಲ್ಲಿ ಮಡಚುವ ಬಲೆಪೆಟ್ಟಿಗೆ ನೋಡಿದ ದಿನವೇ ಮರುಳಾದೆ. ತಂತಿಯ ಚೌಕಟ್ಟು, ಸುತ್ತ ಹಸಿರು ನೈಲಾನ್ ಬಲೆ, ಎರಡೂ ಕಡೆ ಒಳಹೋಗುತ್ತ ಕಿರಿದಾಗುವ ಬಾಯಿ. ನಡುವೆ ಕೋಳಿ ಕರುಳು ಕಟ್ಟಿ ಕೆರೆಗೆ ಇಳಿಬಿಟ್ಟರೆ ಮುಗಿಯಿತು, ಒಳಗೆ ಹೋದದ್ದು ಹೊರಗೆ ಬರುವುದಿಲ್ಲ.

ಇದು ಹೊಟ್ಟೆಪಾಡಲ್ಲ, ಶುದ್ಧ ಶೋಕಿ. ವಾರವೆಲ್ಲ ತಿಗನಾರೆ ಸುತ್ತಮುತ್ತ ಕಂಡವರ ಹೊಲದಲ್ಲಿ ಟೊಮೆಟೊ ಗಿಡಕ್ಕೆ ಕೋಲು ಕಟ್ಟುವವನು ನಾನು. ಅಲ್ಲಿ ಬಗ್ಗು, ಇಲ್ಲಿ ಕಟ್ಟು ಅಂತ ಹೇಳುವವರೇ ಎಲ್ಲ. ಭಾನುವಾರ ಕೆರೆ ದಂಡೆಯಲ್ಲಿ ಕೂತರೆ ನಾನೇ ದೊರೆ. ನನ್ನನ್ನು ನೋಡಿ ನಮ್ಮ ಬೀದಿಯವರೆಲ್ಲ ಒಂದೊಂದು ಪೆಟ್ಟಿಗೆ ತಂದರು. ಹೇಗೆ ಇಳಿಬಿಡಬೇಕೆಂದು ಅವರಿಗೆ ಹೇಳಿಕೊಟ್ಟವನೂ ನಾನೇ.

ಒಂದು ಭಾನುವಾರ ನನ್ನ ಪೆಟ್ಟಿಗೆಯೊಂದು ಕಾಣೆಯಾಯಿತು. ಗುರುತಿಗೆ ಕಟ್ಟಿದ್ದ ಖಾಲಿ ನೀರಿನ ಬಾಟಲಿ ಗಂಟು ಬಿಚ್ಚಿಕೊಂಡು ಏರಿಯ ಹತ್ತಿರ ತೇಲುತ್ತಿತ್ತು, ಪೆಟ್ಟಿಗೆ ನೀರಡಿಯಲ್ಲಿ ಎಲ್ಲೋ ಉಳಿದಿತ್ತು. ಜೊಂಡಿನಲ್ಲಿ ಕೋಲು ಹಾಕಿ ಒಂದಷ್ಟು ಹೊತ್ತು ತಡಕಾಡಿದೆ. ಸಿಗಲಿಲ್ಲ. ಮನೆ ಹತ್ತಿರ ಅಕ್ಕ ನೋಡಿ ಕೇಳಿದಳು, "ಒಂದ್ ಪೆಟ್ಗೆ ಕಮ್ಮಿ ಅದಲ್ಲಾ?"

"ಕೆರೆಲೇ ಓಯ್ತು, ಓಗ್ಲಿ ಬುಡು" ಅಂದೆ. ನೈಲಾನ್ ಕೊಳೆಯುವುದಿಲ್ಲ, ಯಾರೂ ಕಾಯದಿದ್ದರೂ ಅದು ಹಿಡಿಯುತ್ತಲೇ ಇರುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಮತ್ತೆ ನೀರಿಗಿಳಿಯುತ್ತಿದ್ದೆನೋ ಇಲ್ಲವೋ.

ಅಕ್ಕನದು ನಮ್ಮ ಪಕ್ಕದ ಮನೆ. ಭಾವ ತೀರಿಕೊಂಡ ಮೇಲೆ ಸ್ಕೂಲಿನಲ್ಲಿ ಮಕ್ಕಳ ಮಧ್ಯಾಹ್ನದ ಊಟಕ್ಕೆ ಅಡುಗೆ ಮಾಡುವ ಕೆಲಸ ಸಿಕ್ಕಿತ್ತು. ಅದೇ ಅವಳ ಜೀವನ. ಪೆಟ್ಟಿಗೆ ಕಳೆದು ಕೆಲವು ವಾರವಾದ ಮೇಲೆ ಒಂದು ಶನಿವಾರ, ರಜೆ ಅಂತ ಬಟ್ಟೆ ಒಗೆಯಲು ಕೆರೆಗೆ ಹೋಗಿದ್ದಳು. ಸ್ವಲ್ಪ ಹೊತ್ತಿಗೆ ಅವಳ ಕೂಗು ಕೇಳಿತು. ಯಾರೋ ಮುಳುಗಿದರು ಅಂದುಕೊಂಡು ಕೈಯಲ್ಲಿದ್ದ ಕುಡುಗೋಲಿನ ಸಮೇತ ಓಡಿದೆ.

ನೀರು ಇಳಿದು, ಕಳೆದುಹೋಗಿದ್ದ ನನ್ನ ಪೆಟ್ಟಿಗೆಯ ಅಂಚು ಕಾಣುತ್ತಿತ್ತು. ಅಕ್ಕ ಸೊಂಟದ ಮಟ್ಟ ನೀರಲ್ಲಿ ನಿಂತು ಅದನ್ನು ಮೇಲಕ್ಕೆ ಎತ್ತುತ್ತಿದ್ದಳು. ಅಡಿಯಲ್ಲಿ ಹಳೇ ಮರದ ಬೇರಿಗೆ ಸಿಕ್ಕಿಕೊಂಡು ಅದು ಬರುತ್ತಿರಲಿಲ್ಲ. ಒಳಗೆ ಒಂದು ಆಮೆ. ಬಲೆ ಹರಿಯಲು ಹೋಗಿ ಎಳೆಗಳನ್ನು ಕುತ್ತಿಗೆಗೂ ಮುಂಗಾಲಿಗೂ ಸುತ್ತಿಕೊಂಡಿತ್ತು. ಆಮೆ ನೀರಿನ ಜೀವಿಯಾದರೂ ಉಸಿರಿಗೆ ಮೇಲೆ ಬರಲೇಬೇಕು. ಅಕ್ಕ ಎತ್ತಿ ಹಿಡಿದಷ್ಟು ಹೊತ್ತು ಅದರ ಮೂಗು ಹೊರಗೆ, ಕೈ ಸೋತರೆ ಒಳಗೆ.

"ಬಿರ್ನೆ ಕುಯ್ಯಿ ಕಣ್ಲಾ, ಕೈ ಬಿದ್ದೋಯ್ತದೆ!"

ಒಂದೆಳೆ ಕುಯ್ದರೆ ಅದರಡಿ ಇನ್ನೊಂದು. ಕುಡುಗೋಲು ಹತ್ತಿರ ಬಂದಾಗಲೆಲ್ಲ ಆಮೆ ಹೆದರಿ ತಲೆ ಒಳಕ್ಕೆಳೆದುಕೊಳ್ಳುತ್ತಿತ್ತು, ಎಳೆದುಕೊಂಡಷ್ಟೂ ದಾರ ಬಿಗಿಯುತ್ತಿತ್ತು. ಕಡೆಯ ಎಳೆ ಚರ್ಮದೊಳಗೇ ಹೂತಿತ್ತು. ಎರಡು ಸಲ ಅಕ್ಕನ ಕೈ ಜಾರಿತು, ಎರಡು ಸಲವೂ ಸತ್ತೇಹೋಯಿತು ಅಂದುಕೊಂಡೆ. ಉಗುರನ್ನು ದಾರದಡಿ ತೂರಿಸಿ, ಉಸಿರು ಬಿಗಿಹಿಡಿದು ಕುಯ್ದೆ. ಆಮೆ ನನ್ನ ಕೈಗೆ ಬಂತು.

ಪೆಟ್ಟಿಗೆ ಹಗುರಾಗಿ ಬೇರಿಂದ ಬಿಡಿಸಿಕೊಂಡಿತು. ಅಕ್ಕ ಅದನ್ನು ದಂಡೆಗೆ ಎಳೆದು ಬೋರಲು ಹಾಕಿದಳು. ಖಾಲಿ ನಳ್ಳಿ ಚಿಪ್ಪುಗಳು ಉದುರಿದವು, ಜೊತೆಗೆ ಇನ್ನೂ ಎರಡು ಆಮೆ. ಸತ್ತು ಎಷ್ಟು ದಿನವಾಗಿತ್ತೋ, ಆ ನಾತಕ್ಕೆ ಅಕ್ಕ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಆಗಲೇ ಏರಿಯ ಮೇಲಿಂದ ಫಾರೆಸ್ಟ್ ಗಾರ್ಡಿನ ದನಿ ಕೇಳಿತು. ಆನೆ ಜಾಡು ನೋಡಲು ಬಂದವನು ಕೂಗಾಟ ಕೇಳಿ ಇತ್ತ ಬಂದಿದ್ದ.

"ಯಾರದಮ್ಮಾ ಈ ಬಲೆ?"

ಸತ್ತ ಆಮೆ ಅಂದರೆ ಫಾರೆಸ್ಟಿನವರ ಕೇಸು. ಅದು ಊರಲ್ಲಿ ಎಲ್ಲರಿಗೂ ಗೊತ್ತು. ಅಕ್ಕ ನನ್ನ ಕಡೆ ನೋಡಿದಳು. ನಾನು ಕೈಯಲ್ಲಿದ್ದ ಆಮೆಯ ಗಾಯ ನೋಡುತ್ತ ನಿಂತೆ.

"ಗೊತ್ತಿಲ್ಲ ಸಾರ್" ಅಂದಳು ಅಕ್ಕ.

ಪೆಟ್ಟಿಗೆ ಅವಳ ಕೈಯಲ್ಲಿತ್ತು. ಗಾರ್ಡು ಅವಳ ಹೆಸರು ಕೇಳಿ ಪುಸ್ತಕದಲ್ಲಿ ಬರೆದುಕೊಂಡ. ಸೋಮವಾರ ಸಂಜೆ ದೇವಸ್ಥಾನದ ಮಂಟಪಕ್ಕೆ ಬರುತ್ತೇನೆ, ಅಷ್ಟರೊಳಗೆ ಯಾರದೆಂದು ಹೇಳದಿದ್ದರೆ ಕೇಸು ಈ ಹೆಸರಿಗೇ ಅಂದ. ಕೇಸು ಬಿದ್ದವಳನ್ನು ಸ್ಕೂಲಿನ ಅಡುಗೆಗೆ ಯಾರು ಇಟ್ಟುಕೊಳ್ಳುತ್ತಾರೆ? ನಾನು ಗಾಯ ತೊಳೆದು ಆಮೆಯನ್ನು ಜೊಂಡಿನ ಪಕ್ಕ ಬಿಟ್ಟೆ. ಸ್ವಲ್ಪ ಹೊತ್ತು ಅಲುಗಾಡಲಿಲ್ಲ, ಆಮೇಲೆ ಮೆಲ್ಲಗೆ ಮುಳುಗಿತು. ಉಳಿಯಿತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಮುಂದಿನ ಎರಡು ದಿನ ಅಕ್ಕ ನಮ್ಮ ಹೊಸ್ತಿಲು ತುಳಿಯಲಿಲ್ಲ. ನಾನೂ ಆ ಕಡೆ ತಲೆ ಹಾಕಲಿಲ್ಲ. ಹೇಳಲು ನಾಚಿಕೆ, ನನಗೆ ಸಿಟ್ಟು ಬಂದದ್ದು ಅವಳ ಮೇಲೆಯೇ. ಬಟ್ಟೆ ಒಗೆಯಲು ಹೋದವಳಿಗೆ ಆಮೆಯ ಉಸಾಬರಿ ಯಾಕೆ ಅಂತ ಒಳಗೊಳಗೇ ಬೈದೆ. ಗಾರ್ಡು ಮರೆತುಬಿಡುತ್ತಾನೆ ಅಂತ ನನಗೆ ನಾನೇ ಹೇಳಿಕೊಂಡೆ.

ಗಾರ್ಡು ಮರೆಯಲಿಲ್ಲ. ಸೋಮವಾರ ಮಂಟಪದ ಜಗುಲಿ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದ. ಕೆರೆಯ ಉಸ್ತುವಾರಿ ಊರಿನ ಯಜಮಾನರದು. ಶಿವಪೂಜೆಯ ಮನೆಯವರು, ನಳ್ಳಿ ಮುಟ್ಟುವವರಲ್ಲ. ಅವರ ಕಡೆಯವರು, "ಈ ಪೆಟ್ಗೆ ಸಾವಾಸನೇ ಬ್ಯಾಡ, ಎಲ್ಲಾನೂ ಸುಟ್ಟಾಕಿ" ಅಂದರು. ನಮ್ಮ ಬೀದಿಯವರು, "ನಿಮ್ಗೇನು, ನೀವು ತಿನ್ನಾದಿಲ್ಲ" ಅಂತ ಎದ್ದರು. ಮಾತು ಮಾತಿಗೆ ಬೆಳೆದು ಕೈ ಕೈ ಮಿಲಾಯಿಸುವ ಹಾಗಾಯಿತು. ಯಾರದು ಎಂಬ ಪ್ರಶ್ನೆ ಆ ಗದ್ದಲದಲ್ಲೇ ಕಳೆದುಹೋಗಲಿ ಎಂಬ ಆಸೆಯಿಂದ ನಾನು ಎದ್ದು ನಿಂತೆ.

ಸುಡುವುದು ಬೇಡ, ಕಟ್ಟುಪಾಡು ಮಾಡೋಣ ಅಂದೆ. ಕಾಯಲು ಆಳಿಲ್ಲದೆ ಪೆಟ್ಟಿಗೆ ನೀರಲ್ಲಿ ಇರಬಾರದು. ಮೇಲಿನ ಭಾಗ ನೀರಿನಿಂದ ಹೊರಗೆ ಇರಬೇಕು, ಆಮೆಗೆ ಉಸಿರು ಸಿಗಲಿ. ಒಂದು ಮಗ್ಗುಲು ಕುಯ್ದು ಕತ್ತಾಳೆ ನಾರಿನಲ್ಲಿ ಹೊಲಿಯಬೇಕು, ಕಳೆದುಹೋದರೂ ನಾರು ಕೊಳೆತು ದಾರಿ ಬಿಡುತ್ತದೆ. ಪ್ರತಿ ಪೆಟ್ಟಿಗೆಯ ಮೇಲೂ ಅದು ಯಾರದೋ ಅವರ ಹೆಸರಿರಬೇಕು, ಗಾರ್ಡಿಗೂ ತಿಳಿಯುವ ಹಾಗೆ ಕನ್ನಡದಲ್ಲೂ ತಮಿಳಲ್ಲೂ. ಮಾತು ಸರಾಗವಾಗಿ ಬಂತು. ಎರಡೂ ಕಡೆಯವರು ತಲೆಯಾಡಿಸಿದರು.

"ಬಾಳ ಸಂದಾಗಿ ಯೋಳ್ದೆ ಕಣಪ್ಪ" ಅಂದರು ಯಜಮಾನರು. ನನಗೆ ಖುಷಿಯಾಯಿತು, ನಿಜವಾಗಿಯೂ ಆಯಿತು. ಅವರು ಯಾರನ್ನೋ ಕಳಿಸಿ ಬಣ್ಣದ ಡಬ್ಬಿ, ಕುಂಚ, ಒಂದು ತಗಡಿನ ಚೂರು ತರಿಸಿದರು. "ನಿಂಗೆ ಎರಡೂ ಅಕ್ಸರ ಬತ್ತದಲ್ಲ, ಈ ಪೆಟ್ಗೆಯಿಂದ್ಲೇ ಸುರು ಮಾಡು."

"ಯಾರ ಎಸ್ರು ಬರೀಲಿ ಬುದ್ಧಿ?" ಅಂತ ನಾನು ಕೇಳಿದೆ. ನನ್ನ ಬಾಯಿಂದಲೇ ಬಂದ ಮಾತು ಅದು.

ಗಾರ್ಡು ಪುಸ್ತಕ ತೆಗೆದು ಅಕ್ಕನ ಹೆಸರು ಓದಿದ. ಬೇರೆ ಯಾರೂ ಹೇಳದ ಮೇಲೆ ಅದೇ ಬರಿ ಅಂದರು ಯಜಮಾನರು. ಅಕ್ಕ ಹೆಂಗಸರ ನಡುವೆ ಕಂಬಕ್ಕೆ ಒರಗಿ ನಿಂತಿದ್ದಳು. ಕುಂಚವನ್ನೇ ನೋಡುತ್ತಿದ್ದಳು. ಬಣ್ಣ ತೊಟ್ಟಿಕ್ಕಿ ನನ್ನ ಪಾದದ ಮೇಲೆ ಬಿತ್ತು.

ತಗಡಿನ ಮೇಲೆ ನನ್ನ ಹೆಸರು ಬರೆದೆ.

ಓದು ಬಲ್ಲವರು ಪಕ್ಕದವರ ಕಿವಿಯಲ್ಲಿ ಹೇಳಿದರು. ಕನ್ನಡ ಓದಲು ಬಾರದ ಗಾರ್ಡು, "ತಮಿಳಲ್ಲೂ ಬರಿಯಪ್ಪಾ, ನನಗೆ ತಿಳಿಯಲಿ" ಅಂದ. ಎರಡನೇ ಸಲ ಬರೆಯುವುದು ಮೊದಲ ಸಲಕ್ಕಿಂತ ಕಷ್ಟವಾಯಿತು. ಅವನು ಓದಿದ, ನನ್ನ ಮುಖ ನೋಡಿದ, ಪುಸ್ತಕದಲ್ಲಿ ಅಕ್ಕನ ಹೆಸರಿಗೆ ಗೀಟು ಹಾಕಿ ನನ್ನದನ್ನು ಬರೆದುಕೊಂಡ. ಮಾರನೆಯ ದಿನ ಜೀರಹಳ್ಳಿಯ ರೇಂಜ್ ಆಫೀಸಿಗೆ ಬರಬೇಕೆಂದ. ಯಜಮಾನರು ನನ್ನ ಕಡೆ ತಿರುಗಿಯೂ ನೋಡದೆ ಎದ್ದು ಹೋದರು.

ಮನೆ ಕಡೆ ಅಕ್ಕ ಮುಂದೆ, ನಾನು ಹಿಂದೆ. ಅವಳ ಬಾಗಿಲ ಹತ್ತಿರ ಬಂದ ಮೇಲೆ, "ತೆಪ್ಪಾಯ್ತು ಕಣಕ್ಕ, ಬಯ್ಯಿ ಬೇಕಾದ್ರೆ" ಅಂದೆ.

ಅಕ್ಕ ಬೀಗ ತೆಗೆದು ತಿರುಗಿದಳು.

"ಗಾರ್ಡು ಕೇಳ್ದಾಗ ಗೊತ್ತಿಲ್ಲ ಅಂದೆನಲ್ಲ, ನೀನೇ ಯೋಳ್ತೀಯ ಅಂತ ಕಾಯ್ತಾ ಇದ್ದೆ ಕಣ್ಲಾ. ಆಮ್ಯಾಲೆ ಎರಡ್ ದಿನಾನೂ ಕಾದೆ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.