ಉಪ್ಪುನೀರಿನಲ್ಲಿ ತೊಳೆದ ಕಾರು

ಅಂದು ಒಳ್ಳೆಯ ಮುಹೂರ್ತವಂತೆ. ಬ್ರಹ್ಮಾವರದಿಂದ ಕುಂದಾಪುರದ ತನಕ ಎಷ್ಟು ಜನರಿಗೆ ಫೋನ್ ಮಾಡಿದರೂ ಡ್ರೈವರ್ ಸಮೇತ ಒಂದು ಟ್ಯಾಕ್ಸಿ ಸಿಗಲಿಲ್ಲ. ಎಲ್ಲವೂ ಮದುವೆ ಹಾಲ್‌ಗಳ ಮುಂದೆ ನಿಂತಿದ್ದವು. ಬೈಂದೂರಿನಲ್ಲಿರುವ ನನ್ನ ಗೆಳತಿಯನ್ನು ಹನ್ನೆರಡು ಗಂಟೆಯೊಳಗೆ ಕುಂದಾಪುರದ ಆಸ್ಪತ್ರೆಗೆ ಸೇರಿಸಬೇಕಿತ್ತು. ಪಿತ್ತಕೋಶದ ಕಲ್ಲು. ಸರ್ಜನ್ ಬರುವುದು ವಾರಕ್ಕೊಮ್ಮೆ. ಇನ್ನೊಂದು ವಾರ ಕಾಯುವುದು ರಿಸ್ಕ್ ಎಂದಿದ್ದರು. ಕಾನ್ವೆಂಟ್ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವಳು, ಮದುವೆಯಾಗದೆ ಟೀಚರಾಗಿಯೇ ರಿಟೈರ್ ಆದವಳು. ಆಂಬುಲೆನ್ಸ್ ಕರೆಸೋಣವೆಂದರೆ, "ಪಾರ್ಸೆಲ್ ತರ ನಾನು ಹೋಗುವುದಿಲ್ಲ, ನೋ!" ಎಂದಳು. ನಾನೇ ಬಂದು ಕರೆದೊಯ್ಯುತ್ತೇನೆಂದು ಮಾತು ಕೊಟ್ಟುಬಿಟ್ಟೆ.

ಬಸ್ಸಿನಲ್ಲಿ ಕುಂದಾಪುರಕ್ಕೆ ಹೋಗಿ, ಸಮುದ್ರದ ಬದಿಯಲ್ಲಿ ಕಾರು ಬಾಡಿಗೆಗೆ ಕೊಡುವವನ ಅಂಗಳ ಹುಡುಕಿಕೊಂಡು ಹೋದೆ. ಅವನಿಗೆ ನಲವತ್ತು ದಾಟಿರಬೇಕು. ಪಂಪಿನ ಪೈಪು ಹಿಡಿದು ಉಳಿದಿದ್ದ ಒಂದೇ ಒಂದು ಬಿಳಿ ಕಾರನ್ನು ತೊಳೆಯುತ್ತಿದ್ದ.

"ಓಡ್ಸುದ್ ಯಾರ್ ಅಮ್ಮ?"

"ನಾನೇ."

ಲೈಸೆನ್ಸನ್ನು ಅವನು ಎರಡು ಸಲ ತಿರುಗಿಸಿ ನೋಡಿದ. ಫೋಟೋವನ್ನೂ ನನ್ನನ್ನೂ ನೋಡಿದ. ಆಮೇಲೆ ಮೊಬೈಲ್ ಹಿಡಿದು ಕಾರಿನ ಸುತ್ತ ಬಂದು ಒಂದೊಂದು ಗೀರನ್ನೂ ವಿಡಿಯೋ ಮಾಡಿಕೊಂಡ. ಅವನು ಕೆಳಗೆ ಬಿಟ್ಟಿದ್ದ ಪೈಪಿನ ನೀರು ಹಾರಿ ನನ್ನ ತುಟಿಗೆ ಬಿತ್ತು. ಉಪ್ಪು!

"ಇದು ಬಾವಿ ನೀರಾ?"

"ಹೌದ್ ಅಮ್ಮ. ದಿನಕ್ಕೆ ಎರ್ಡ್ ಸಲ ತೊಳಿತೆ. ಈ ಊರಂಗೆ ನನ್ ಕಾರಿನಷ್ಟ್ ಕ್ಲೀನ್ ಕಾರ್ ಯಾರದ್ದೂ ಇಲ್ಲೆ."

ನನ್ನ ಗಂಡ ಕಾರು ತೊಳೆಯಲು ಕೂತರೆ ಮೊದಲು ಮಲಗಿ ಅಡಿ ನೋಡುತ್ತಿದ್ದರು. ಕಡಲಿನ ಬದಿಗೆ ಹೋಗಿಬಂದ ದಿನ ಸಿಹಿನೀರು ಅಡಿಗೆ ಬೀಳಲೇಬೇಕು. ಇವನು ಪಾಪ, ಬೇಸಿಗೆಯಲ್ಲಿ ಉಪ್ಪಾಗುವ ಬಾವಿಯ ನೀರನ್ನೇ ಹಾಕಿ ಹಾಕಿ, ಮೇಲೆ ಹೊಳಪು, ಕೆಳಗೆ ತುಕ್ಕು ಬೆಳೆಸುತ್ತಿದ್ದಾನೆ. ಬಾಗಿಲ ಅಂಚಿನಲ್ಲಿ ಕಂದು ಗುಳ್ಳೆಗಳು ಎದ್ದಿದ್ದವು. ಹೇಳಿದೆ. ಅವನ ಮುಖ ಸಣ್ಣದಾಯಿತು. "ಬ್ಯಾಡ್ದಿದ್ರೆ ಬಿಡಿ ಅಮ್ಮ" ಎಂದ. ಬೇಡ ಎನ್ನುವ ಹಾಗಿತ್ತೇ? ಗಂಟೆ ಒಂಬತ್ತಾಗಿತ್ತು. ಬ್ರೇಕನ್ನು ಅಂಗಳದಲ್ಲೇ ನಾಲ್ಕು ಸಲ ಒತ್ತಿ ನೋಡಿ ಹೊರಟೆ.

ಹೈವೇ ಹತ್ತಿದ ಮೇಲೆ ಕಿವಿ ನನ್ನದಾಗಿ ಉಳಿಯಲಿಲ್ಲ. ಸೀಟಿನಡಿ ಒಂದು ಗುರ್, ಎಡಚಕ್ರದ ಹತ್ತಿರ ಒಂದು ಕಿಣಿ. ಎಸಿ ಹಾಕಿದರೆ ಹಳೆಯ ಮೀನಿನ ವಾಸನೆ. ಕಿಟಕಿ ಇಳಿಸಿದರೆ ಅದು ಅರ್ಧಕ್ಕೇ ನಿಂತಿತು. ಹಾಸ್ಟೆಲಿನಲ್ಲಿ ಕಲಿಸಿದ ಪ್ರೇಯರ್ ಬಾಯಿಗೆ ಬಂತು, ಮಧ್ಯದಲ್ಲಿ ಮರೆತೂ ಹೋಯಿತು. ತ್ರಾಸಿ ಹತ್ತಿರ ಬರುವಾಗ ಅಡಿಯಲ್ಲಿ ದಡಾರನೆ ಸದ್ದು. ಆಮೇಲೆ ಕಾರು ಟ್ರಾಕ್ಟರಿನ ಹಾಗೆ ಅಬ್ಬರಿಸತೊಡಗಿತು. ಇಳಿದು ಬಗ್ಗಿದೆ. ಸೈಲೆನ್ಸರ್ ಮುರಿದು ಒಂದು ತುದಿ ರಸ್ತೆಗೆ ತಾಗಿತ್ತು.

ರಸ್ತೆಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಮೀನು ಮಾರುತ್ತಿದ್ದ ಹೆಂಗಸೊಬ್ಬಳು ಕೂಗಿದಳು. "ಹ್ವಾಯ್, ಎಂತ ಆಯ್ತ್ ಅಮ್ಮ? ಬಾಲ ಬಿದ್ದೋಯ್ತಾ?"

ಹನ್ನೆರಡು ಗಂಟೆಯ ಸಂಗತಿ ಹೇಳಿದೆ. ಆಕೆ ನಗು ನಿಲ್ಲಿಸಿದಳು. ತನ್ನ ಕೊಡೆಯನ್ನು ಕಂಬಕ್ಕೆ ಬಿಗಿದಿದ್ದ ಕಬ್ಬಿಣದ ತಂತಿಯನ್ನು ಬಿಚ್ಚಿದಳು.

"ಹಗ್ಗ ಕಟ್ರೆ ಸುಟ್ಟ್ ಹೋತ್, ತಂತಿಯೇ ಆಯ್ಕ್. ನೀವ್ ಬಗ್ಗ್ಬೇಡಿ, ಮತ್ತೆ ನಿಮ್ಮನ್ನ್ ಎಬ್ಸುಕೆ ಜನ ಬೇಕ್."

ಸೈಲೆನ್ಸರಿನ ಬಿಸಿ ಆರುವ ತನಕ ಕಾಯಬೇಕಾಯಿತು. ಕೂರಲಾಗಲಿಲ್ಲ, ಕಾರಿನ ಸುತ್ತ ನಡೆದೆ, ಗಡಿಯಾರ ನೋಡಿದೆ, ಮತ್ತೆ ನಡೆದೆ. ಆಕೆ ಗೋಣಿಯ ಮೇಲೆ ಮಲಗಿ, ಮೀನಿನ ಕೈಯಲ್ಲೇ ತಂತಿ ಸುತ್ತಿ ಬಿಗಿದಳು. ಬಿಸಿಲಿಗೆ ಬಿದ್ದ ತನ್ನ ಬುಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ.

ಬೈಂದೂರು ತಲುಪುವಾಗ ಹತ್ತೂ ಮುಕ್ಕಾಲು. ಸದ್ದು ಕೇಳಿ ಗೆಳತಿ ಆಗಲೇ ಗೇಟಿಗೆ ಬಂದಿದ್ದಳು, ಹೊಟ್ಟೆ ಒತ್ತಿಕೊಂಡು. ಮುಖ ಸುಣ್ಣದ ಹಾಗೆ.

"ಇದಕ್ಕಿಂತ ಆಂಬುಲೆನ್ಸಿನ ಸೈರನ್ ಮೇಲಿತ್ತು ಮಾರಾಯ್ತಿ!"

"ಶಟ್ ಅಪ್ ಅಂಡ್ ಗೆಟ್ ಇನ್" ಎಂದೆ.

ವಾಪಸು ಬರುವಾಗ ನನಗೆ ಬೇಕಿದ್ದದ್ದು ಅವಳ ಉಸಿರಿನ ಸದ್ದು ಮಾತ್ರ. ಅದೊಂದು ಬಿಟ್ಟು ಮತ್ತೆಲ್ಲ ಕೇಳುತ್ತಿತ್ತು. ಹೊಂಡ ಕಂಡಲ್ಲಿ ನಿಧಾನಿಸಿದರೆ ಸಮಯ ಹೋಗುತ್ತದೆ. ಹಾರಿಸಿದರೆ ಅವಳು ನರಳುತ್ತಾಳೆ, ತಂತಿಯೂ ಕಳಚಬಹುದು. ಅವಳು ಏನೋ ಹೇಳಿದಳು. "ಎಂತ?" ಎಂದು ಕಿರುಚಿದೆ. ಅವಳು ತಲೆಯಾಡಿಸಿ ಕಣ್ಣು ಮುಚ್ಚಿದಳು. ಅಲ್ಲಿಂದ ಮುಂದೆ ರಸ್ತೆಗಿಂತ ಹೆಚ್ಚು ಅವಳ ಸೆರಗು ಏರಿಳಿಯುವುದನ್ನೇ ನೋಡಿದೆನೇನೋ. ಹಾಗೆ ಓಡಿಸಬಾರದಿತ್ತು, ಗೊತ್ತು.

ಆಸ್ಪತ್ರೆಯ ಬಾಗಿಲಿಗೆ ಬಂದಾಗ ಹನ್ನೆರಡಕ್ಕೆ ಏಳು ನಿಮಿಷ. ಸೆಕ್ಯೂರಿಟಿಯವನು, "ಇದೆಂತ ಶಬ್ದ, ಬಂದ್ ಮಾಡಿ!" ಎಂದು ಓಡಿಬಂದ. ಕೀ ತಿರುಗಿಸಿದೆ. ಕಿವಿ ಗುಂಯ್ ಎನ್ನುತ್ತಿತ್ತು. ಅವಳನ್ನು ವೀಲ್‌ಚೇರಿನಲ್ಲಿ ಕೂರಿಸುವಾಗ ಬಗ್ಗಿ ಕೇಳಿದೆ, "ದಾರಿಯಲ್ಲಿ ಎಂತ ಹೇಳಿದ್ದು?"

"ಸ್ವಲ್ಪ ಬೇಗ ಓಡ್ಸು ಅಂದೆ. ತಡ್ಕೊಳ್ಳಿಕ್ಕೆ ಆಗ್ತಾ ಇರ್ಲಿಲ್ಲ" ಎಂದಳು.

ಅವಳಿಗೆ ನೋವಾಗಬಾರದೆಂದೇ ನಾನು ನಿಧಾನಕ್ಕೆ ಓಡಿಸಿದ್ದೆ. ವೀಲ್‌ಚೇರು ಒಳಗೆ ಹೋಯಿತು. ಕಾರಿಡಾರಿನ ಬೆಂಚಿನಲ್ಲಿ ಕೂತೆ, ಎದ್ದೆ, ಮತ್ತೆ ಕೂತೆ. ನಾಲ್ಕು ಗಂಟೆಗೆ ನರ್ಸ್ ಬಂದು, "ಕಲ್ಲು ತೆಗ್ದ್ ಆಯ್ತ್, ಎಚ್ಚರ ಆಯ್ದ್, ನಿಮ್ಮನ್ನೇ ಕೇಳ್ತಾ ಇದ್ರ್" ಎನ್ನುವ ತನಕ ಆ ಮಾತು ನನ್ನೊಳಗೆ ತಿರುಗುತ್ತಲೇ ಇತ್ತು.