ಎಲೆ ಬಾಡುವಷ್ಟು ದೂರ

ಅವರ ಬಲಗೈ ಹೆಬ್ಬೆರಳಿನ ಉಗುರು ಉಳಿದವುಗಳಿಗಿಂತ ಉದ್ದ. ವೀಳ್ಯದೆಲೆಯ ತೊಟ್ಟು ಚಿವುಟಿ ಚಿವುಟಿ ಅದರ ಅಂಚಿಗೆ ಹಸಿರು ಕೂತುಬಿಟ್ಟಿತ್ತು. ಸೋಪು ಹಚ್ಚಿ ತಿಕ್ಕಿದರೂ ಹೋಗದು. ಸವಣೂರಿನಲ್ಲಿ ನಮ್ಮ ಎದುರು ಮನೆಯಲ್ಲಿದ್ದು ಸಂತೆಗಳಲ್ಲಿ ಎಲೆ ಮಾರುತ್ತಿದ್ದ ಅವರನ್ನು ಓಣಿಯೆಲ್ಲ ಎಲೆಯವ್ವ ಎಂದೇ ಕರೆಯುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಕಾನ್ವೆಂಟಿನ ಮೆಲುದನಿ ನನ್ನನ್ನು ಬಿಟ್ಟಿರಲಿಲ್ಲ. "ಬಾಯಿ ಬಿಟ್ಟು ಕರಿಯವಾ, ಇಲ್ಲಾಂದ್ರ ಹಾಲಿನಾಂವ ಹಂಗ ಮುಂದ ಹೋಗ್ತಾನ," ಎಂದು ನಗುತ್ತಿದ್ದರು.

ದೂರವನ್ನು ಅವರು ಎಲೆಯಿಂದ ಅಳೆಯುತ್ತಿದ್ದರು. "ಹಾನಗಲ್ಲು ಎಲಿಗೆ ಗೊತ್ತ ಆಗೂದಿಲ್ಲ. ಹಿರೇಕೆರೂರಿನ ಸಂತಿಗಾದ್ರ ನಡುವ ಒಮ್ಮೆ ನೀರು ಚಿಮುಕಿಸಬೇಕು."

ಒಬ್ಬಳೇ ಮಗಳು ಸೈನಿಕ ಗಂಡನ ಜೊತೆ ಅಸ್ಸಾಮಿನ ಜೋರ್ಹಾಟಿನಲ್ಲಿದ್ದಳು. ಶಿಗ್ಗಾವಿಗೆ ರಜೆಯಲ್ಲಿ ಬಂದಿದ್ದ ಅಳಿಯನ ಗೆಳೆಯ ಮರಳಿ ಹೊರಟಾಗ ಎಲೆಯವ್ವ ನನ್ನನ್ನು ಕೇಳಿದರು, "ಹುಬ್ಬಳ್ಳಿಯಿಂದ ಅಲ್ಲಿಗೆ ವಿಮಾನ ಎಷ್ಟೊತ್ತಿಗೆ ಮುಟ್ಟತೈತಿ, ನೋಡವಾ." ಫೋನು ಎರಡೂ ವಿಮಾನ ನಿಲ್ದಾಣಗಳ ನಡುವೆ ನೇರ ಗೆರೆ ಎಳೆದು ತೋರಿಸಿತು: ಸುಮಾರು ಎರಡು ಸಾವಿರದ ಮುನ್ನೂರು ಕಿಲೋಮೀಟರು, ಹಾರಿದರೆ ಮೂರೂವರೆ ತಾಸು.

"ಇಷ್ಟ ಏನು! ಹಿರೇಕೆರೂರಿಗೆ ಹೋಗಿ ಬಂದಂಗಾತು." ಒದ್ದೆ ಬಟ್ಟೆಯನ್ನೂ ಸುತ್ತದೆ, ಒಮ್ಮೆ ನೀರು ಚಿಮುಕಿಸಿ ಬರೀ ಬಾಳೆ ಎಲೆಯಲ್ಲಿ ವೀಳ್ಯದೆಲೆ ಕಟ್ಟಿ ಆತನ ಕೈಗೆ ಕೊಟ್ಟರು.

ನೇರ ವಿಮಾನವೇ ಇರಲಿಲ್ಲ. ಬೆಂಗಳೂರು, ಕೋಲ್ಕತ್ತ ಎಂದು ಇಳಿದು, ಕಾದು, ಮತ್ತೆ ಏರಿ ಆತ ಮುಟ್ಟಿದ್ದು ಮರುದಿನ ಸಂಜೆಗೆ. "ಅವ್ವಾ, ನಿನ್ನ ಎಲಿ ಕರ್ರಗ ಆಗಿ ಬಂದಾವ!" ಎಂದು ಮಗಳು ಫೋನಿನಲ್ಲಿ ನಕ್ಕಳು. ಎಲೆಯವ್ವ ನಗಲಿಲ್ಲ. ನಮ್ಮಲ್ಲಿ ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡುವ ರೂಢಿ. "ನಾ ಹೋದಾಗ ಇಕಿಗೂ ಬರಾಕ ಇಷ್ಟ ಹೊತ್ತು ಹಿಡಿತೈತಲ್ಲ," ಎಂದರು.

ಮರುವರ್ಷ ಅವರ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಮಗಳಿಗೆ ಈಗಲೇ ಹೇಳಿ ಗಾಬರಿ ಮಾಡುವುದು ಬೇಡವೆಂದು ಎಲೆಯವ್ವನ ಮೈದುನ ತಡೆದ. ಅವನು ಅತ್ತ ಹೋಗುತ್ತಲೇ ಎಲೆಯವ್ವ ನನ್ನ ಮುಂಗೈ ಹಿಡಿದರು. "ಈಗ ಕರಿ ಅಕಿನ್ನ. ಮಣ್ಣಿಗೆ ಬಾ ಅಂತ ಕರದ್ರ ಬಾಡಿದ ಎಲಿ ಮುಟ್ಟಿದಂಗ. ನನ್ನ ಬಾಯಾಗ ಮಾತಿರೂವಾಗ ಬರ್ಲಿ."

ಕರೆದೆ. ಬಂದಳು. ತಾಯಿ ಮಗಳು ಕಟ್ಟೆಯ ಮೇಲೆ ಕೂತು ಎಲೆ ಜೋಡಿಸಿದರು, ಕಟ್ಟು ಸಡಿಲಾಯಿತೆಂದು ಜಗಳಾಡಿದರು. "ಅಸ್ಸಾಮಿಗೆ ಹೋಗಿ ಕೈ ಮೆತ್ತಗಾಗ್ಯಾವ ನಿನ್ನೂ," ಎಂದು ಎಲೆಯವ್ವ ಕೆಣಕುವುದು ನನ್ನ ಅಡುಗೆಮನೆಗೂ ಕೇಳುತ್ತಿತ್ತು. ರಜೆ ಮುಗಿದು ಮಗಳು ಹೊರಟ ದಿನ ಇಬ್ಬರೂ ಅಳಲಿಲ್ಲ. ಅವಳ ಆಟೋ ತಿರುಗಿದ ಮೇಲೆ ಎಲೆಯವ್ವ ನನಗೆ ಹೇಳಿದರು, "ಆ ದಿನ ಅಕಿ ಹಿಡಿ ಮಣ್ಣು ನೀನ ಹಾಕು. ಅಕಿಗೂ ಹೇಳೇನಿ."

ಮಳೆಗಾಲದ ಒಂದು ಬೆಳಗ್ಗೆ ಅವರು ಹೋದರು. ಕುಣಿಯ ಹತ್ತಿರ ಯಾರೋ ಗೊಣಗಿದರು, "ಹೊಟ್ಟ್ಯಾಗ ಹುಟ್ಟಿದ ಮಗಳು ಒಂದು ಹಿಡಿ ಮಣ್ಣಿಗೂ ಬರಲಿಲ್ಲ ನೋಡ್ರಿ."

"ಬಂದು ಹೋಗ್ಯಾಳ್ರಿ," ಎಂದೆ. "ಅವ್ವನೇ ಅಕಿನ್ನ ಕರಿಸಿಕೊಂಡಿದ್ರು."

ನನ್ನ ದನಿ ಎಲ್ಲರಿಗೂ ಕೇಳಿಸಿತು. ಬಗ್ಗಿ ಒಂದು ಹಿಡಿ ಹಾಕಿದೆ, ಆಮೇಲೆ ಇನ್ನೊಂದು.

ಮನೆಗೆ ಬರುವಷ್ಟರಲ್ಲಿ ಜೋರ್ಹಾಟಿನಿಂದ ಫೋನು ಬಂತು. ಅವಳು ಕೇಳಿದ್ದು ಇಷ್ಟೇ: "ಹಾಕಿದ್ರೇನ್ರಿ, ಅಕ್ಕಾ?"

"ಹಾಕೇನಿ, ತಂಗಿ. ನಿಂದ ಮೊದಲು."